ಶೇಡಿಂಗ್‌ಗೆ ಯಾವ ಸೂಜಿ? ‘ಸಣ್ಣದಾದ್ರೆ ಸೇಫ್’ ಅನ್ನೋ ಲೆಕ್ಕ ಯಾಕೆ ತಪ್ಪು

ಇಟ್ಟಿಗಿ ಕಡೆಯಿಂದ ಬಂದ ಒಂದು ವಾಯ್ಸ್ ಮೆಸೇಜ್ ಇದು: “ಟ್ಯಾಟೂ ಕಲಿಯಾಕತ್ತೀನಿ. ಗೆರೆ ಚಲೋ ಬರ್ತಾವ, ಶೇಡಿಂಗ್ ಮಾತ್ರ ಕಲೆ ಕಲೆ ಆಗ್ತೈತಿ. ಯಾವ ಸೂಜಿ ತಗೋಬೇಕು?” ಇವತ್ತಿನ ಸಂಚಿಕೆ ಪೂರ್ತಿ ಈ ಪ್ರಶ್ನೆಗೇ ಮೀಸಲು.

ಉತ್ತರ ಮೊದಲೇ ಹೇಳ್ತೀನಿ. ಕರ್ವ್ಡ್ ಮ್ಯಾಗ್ನಮ್ ತಗೊಳ್ಳಿ. 9 ಅಥವಾ 11 ಸೂಜಿ ಇರೋದು ಸಾಕು. ಯಾಕೆ ಅಂತ ಗೊತ್ತಾದ್ರೆ ಮುಂದೆ ಯಾರನ್ನೂ ಕೇಳದೆ ನೀವೇ ಆರಿಸಬಹುದು.

ನಮ್ಮೂರ ಅಜ್ಜಿಯರ ಮುಂಗೈ ನೋಡಿ. ಹಸಿರು ಹಚ್ಚೆ ಇರುತ್ತೆ. ಕೊರವ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ, ದೀಪದ ಕಪ್ಪಿಗೆ ಸೊಪ್ಪಿನ ರಸ ಕಲಸಿ, ನೋವು ಮರೆಯಲಿ ಅಂತ ಹಾಡು ಹೇಳ್ತಾ ಚುಚ್ಚಿ ಹಾಕ್ತಿದ್ದ ಹಚ್ಚೆ ಅದು. ಅದರಲ್ಲಿ ಇರೋದು ಚುಕ್ಕಿ ಮತ್ತು ಗೆರೆ. ಕಪ್ಪಿನಿಂದ ಬೂದಿಗೆ, ಬೂದಿಯಿಂದ ಮೈಬಣ್ಣಕ್ಕೆ ಇಳಿಯೋ ನೆರಳು ಇರಲ್ಲ. ಕೈಯಲ್ಲಿ ಒಂದೊಂದೇ ಚುಕ್ಕಿ ಚುಚ್ಚುವಾಗ ಅಷ್ಟು ನಯವಾದ ನೆರಳು ತರೋದು ಬಹಳ ಕಷ್ಟ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ’ರೈಲಿ ವಿದ್ಯುತ್ ಟ್ಯಾಟೂ ಯಂತ್ರಕ್ಕೆ ಪೇಟೆಂಟ್ ಪಡೆದರು. ಯಂತ್ರದ ಸೂಜಿ ಸೆಕೆಂಡಿಗೆ ಹತ್ತಾರು ಸಲ ಚುಚ್ಚುತ್ತೆ. ಇದರಿಂದ ಶೇಡಿಂಗ್ ಸುಲಭ ಆಯ್ತು, ಚರ್ಮ ಹಾಳು ಮಾಡೋದೂ ಅಷ್ಟೇ ಸುಲಭ ಆಯ್ತು.

ಈಗ ಪ್ಯಾಕೆಟ್ ಮೇಲಿನ ಕೋಡ್ ಓದೋಣ. ಉದಾಹರಣೆಗೆ ‘1209 ಆರ್‌ಎಸ್’. ಮೊದಲ ಎರಡು ಅಂಕಿ ಒಂದೊಂದು ಸೂಜಿಯ ದಪ್ಪ. 12 ಅಂದ್ರೆ 0.35 ಮಿ.ಮೀ., 10 ಅಂದ್ರೆ 0.30, 8 ಅಂದ್ರೆ 0.25. ಮುಂದಿನ 09 ಅಂದ್ರೆ ಗೊಂಚಲಲ್ಲಿ 9 ಸೂಜಿ ಇವೆ ಅಂತ. ಕೊನೆಯ ಅಕ್ಷರಗಳು ಅವನ್ನು ಜೋಡಿಸಿರೋ ರೀತಿ ಹೇಳುತ್ತವೆ.

ಆರ್‌ಎಲ್, ಅಂದ್ರೆ ರೌಂಡ್ ಲೈನರ್: ದುಂಡಗೆ, ಬಿಗಿಯಾಗಿ ಕಟ್ಟಿರುತ್ತೆ. ಗೆರೆಗೆ ಇದು.

ಆರ್‌ಎಸ್, ರೌಂಡ್ ಶೇಡರ್: ದುಂಡಗೇ ಇರುತ್ತೆ, ಆದ್ರೆ ಸ್ವಲ್ಪ ಸಡಿಲ. ಸಣ್ಣ ಜಾಗದ ನೆರಳಿಗೆ.

ಮ್ಯಾಗ್ನಮ್: ಸೂಜಿಗಳು ಎರಡು ಸಾಲಲ್ಲಿ, ಚಪ್ಪಟೆ ಬ್ರಷ್ ಹಾಗೆ. ದೊಡ್ಡ ಜಾಗಕ್ಕೆ.

ಕರ್ವ್ಡ್ ಮ್ಯಾಗ್ನಮ್: ಅದೇ ಎರಡು ಸಾಲು, ಆದ್ರೆ ತುದಿ ಬಿಲ್ಲಿನ ಹಾಗೆ ಬಾಗಿರುತ್ತೆ. ಪ್ಯಾಕೆಟ್ ಮೇಲೆ ಆರ್‌ಎಂ, ಸಿಎಂ, ಕೆಲವೊಮ್ಮೆ ಎಸ್‌ಇಎಂ ಅಂತ ಇರುತ್ತೆ. ಕಂಪನಿ ಬದಲಾದ ಹಾಗೆ ಹೆಸರು ಬದಲಾಗುತ್ತೆ.

ಕಲಿಯೋರು ಸಾಮಾನ್ಯವಾಗಿ ಎಡವೋದು ಇಲ್ಲೇ. 3 ಸೂಜಿಯ ಗೊಂಚಲು ನೋಡಿದ್ರೆ ಮೆತ್ತಗೆ, 11ರದು ನೋಡಿದ್ರೆ ಭಯ. ಹಾಗಾಗಿ ಸಣ್ಣದನ್ನೇ ಹಿಡ್ಕೊಂಡು ಶೇಡ್ ಮಾಡ್ತಾರೆ. ಕುಂಟೆ ಹೊಡೆಯೋ ಹೊಲವನ್ನು ಕುರ್ಪಿಯಿಂದ ಕೆದರಿದ ಹಾಗೆ ಇದು. ಸಣ್ಣ ಗೊಂಚಲು ಒಂದು ಸಲಕ್ಕೆ ತುಂಬೋದು ಇಷ್ಟೇ ಜಾಗ. ಮಧ್ಯೆ ಉಳಿದ ಖಾಲಿ ಮುಚ್ಚೋಕೆ ಅದೇ ಚರ್ಮದ ಮೇಲೆ ಮತ್ತೆ ಮತ್ತೆ ಹೋಗ್ತೀರಿ. ನಾಲ್ಕನೇ ಐದನೇ ಸಲಕ್ಕೆ ಚರ್ಮ ಕಿತ್ತು ಬರುತ್ತೆ, ರಕ್ತ ಜಾಸ್ತಿ, ಒಣಗಿದ ಮೇಲೆ ತೇಪೆ ತೇಪೆ. ಅಗಲದ ಮ್ಯಾಗ್ನಮ್ ಒತ್ತಡವನ್ನು ಹಂಚುತ್ತೆ, ಒಂದೆರಡು ಸಲಕ್ಕೆ ಕೆಲಸ ಮುಗಿಸುತ್ತೆ. ಕೈ, ಭುಜ ಎಲ್ಲಾ ದುಂಡಗಿರೋದ್ರಿಂದ ನೇರ ಮ್ಯಾಗ್ನಮ್ ಸ್ವಲ್ಪ ವಾಲಿದ್ರೂ ಅದರ ಮೂಲೆ ಚರ್ಮ ಕೊಯ್ಯುತ್ತೆ. ಬಾಗಿದ ತುದಿಗೆ ಆ ಕಾಟ ಕಡಿಮೆ.

ನಮ್ಮಂಥ ಕಂದು ಮೈಬಣ್ಣಕ್ಕೆ ಇದು ಇನ್ನೂ ಮುಖ್ಯ. ಗಾಯ ಉಬ್ಬಿ ಗಟ್ಟಿಯಾಗಿ ಉಳಿಯೋ ಕೆಲಾಯ್ಡ್ ಸಮಸ್ಯೆ ಗಾಢ ಚರ್ಮದವರಲ್ಲಿ ಹೆಚ್ಚು. ತೀರಾ ತೆಳು ಬೂದಿ ಬಣ್ಣ ಒಣಗಿದ ಮೇಲೆ ಕಾಣೋದೂ ಇಲ್ಲ. ಕಾಣ್ಲಿಲ್ಲ ಅಂತ ಮತ್ತೆ ಉಜ್ಜಿದ್ರೆ ನಷ್ಟ ಕೈ ಕೊಟ್ಟವರಿಗೆ, ಅದೂ ಜೀವನಪೂರ್ತಿ. ಗಾಢ ಕಪ್ಪು, ಒಂದು ನಡುವಿನ ಬೂದಿ, ಉಳಿದದ್ದು ಅವರ ಚರ್ಮದ ಬಣ್ಣ. ಈ ಮೂರರಲ್ಲೇ ಚಿತ್ರ ಕಟ್ಟಿ.

ಒಂದು ಉದಾಹರಣೆ ತಗೊಳ್ಳೋಣ. ಜಿಐ ಟ್ಯಾಗ್ ಇರೋ ನಮ್ಮ ಹಡಗಲಿ ಮಲ್ಲಿಗೆ. ಬಿಳಿ ಹೂವನ್ನು ಕಂದು ಕೈ ಮೇಲೆ ತೋರಿಸೋದು ಹೇಗೆ? ಹೂವಿಗೆ ಬಣ್ಣ ತುಂಬಬೇಡಿ, ಹಿಂದಿನ ನೆರಳನ್ನು ಗಾಢ ಮಾಡಿ. ಎಸಳಿನ ಅಂಚಿಗೆ 5 ಆರ್‌ಎಲ್. ಎಸಳು ತೊಟ್ಟಿಗೆ ಸೇರೋ ಕಡೆ ಸಣ್ಣ ನೆರಳಿಗೆ 5 ಅಥವಾ 7 ಆರ್‌ಎಸ್. ಸುತ್ತಲಿನ ಎಲೆ ಮತ್ತು ಹಿನ್ನೆಲೆಗೆ 9 ಅಥವಾ 11 ಕರ್ವ್ಡ್ ಮ್ಯಾಗ್ನಮ್. ಹೂವಿನ ಒಳಗೆ ಖಾಲಿ ಚರ್ಮ. ಮೂರೇ ಸೂಜಿ, ಹೂವು ಎದ್ದು ಕಾಣುತ್ತೆ.

ಇನ್ನೊಂದು ಪದ, ಟೇಪರ್. ಸೂಜಿ ಎಷ್ಟು ಉದ್ದಕ್ಕೆ ಚೂಪಾಗ್ತಾ ಹೋಗುತ್ತೆ ಅನ್ನೋದು. ಲಾಂಗ್ ಟೇಪರ್ ಸಣ್ಣ ತೂತು ಮಾಡುತ್ತೆ, ನೆರಳು ನಯವಾಗಿ ಬರುತ್ತೆ. ಶಾರ್ಟ್ ಟೇಪರ್ ಇಂಕ್ ಹೆಚ್ಚು ಬಿಡುತ್ತೆ, ಗಟ್ಟಿ ಕಪ್ಪು ತುಂಬೋಕೆ ಸರಿ. ಶೇಡಿಂಗ್‌ಗೆ ಲಾಂಗ್ ಇರಲಿ. ‘ಬಗ್‌ಪಿನ್’ ಅನ್ನೋ ತೆಳು ಸೂಜಿಗಳ ನೆರಳು ರೇಷ್ಮೆ ಹಾಗಿರುತ್ತೆ, ನಿಜ. ಆದ್ರೆ ಅವು ಬೇಗ ಆಳಕ್ಕೆ ಇಳಿತಾವೆ, ಇಂಕ್ ನಿಧಾನವಾಗಿ ಬಿಡ್ತಾವೆ. ಮೊದಲ ತಿಂಗಳುಗಳಿಗೆ 0.35 ಅಥವಾ 0.30 ಸಾಕು. ಇಂಕ್ ಕೂರಬೇಕಾದ ಆಳ ಒಂದರಿಂದ ಎರಡು ಮಿಲಿಮೀಟರ್, ಅದಕ್ಕಿಂತ ಕೆಳಗೆ ಹೋದ್ರೆ ಹರಡುತ್ತೆ.

ಅಭ್ಯಾಸಕ್ಕೆ ಸಿಲಿಕೋನ್ ಚರ್ಮ ಒಳ್ಳೇದು. ಆದ್ರೆ ಅದಕ್ಕೆ ರಕ್ತ ಬರಲ್ಲ, ಊತ ಬರಲ್ಲ. ಹತ್ತು ಸಲ ಉಜ್ಜಿದ್ರೂ ಸುಮ್ಮನಿರುತ್ತೆ. ಹಾಗಾಗಿ ಒಂದೊಂದು ಜಾಗದ ಮೇಲೆ ಎಷ್ಟು ಸಲ ಹೋದ್ರಿ ಅಂತ ಬಾಯಿಬಿಟ್ಟು ಎಣಿಸಿ. ಎರಡಕ್ಕೆ ಮುಗಿಸೋದು ಬರೋವರೆಗೂ ಮನುಷ್ಯರ ಕೈ ಮುಟ್ಟಬೇಡಿ.

ಕೊನೆಯದು, ದುಡ್ಡಿನ ಮಾತು. ಒಂದು ಸೂಜಿ ಒಬ್ಬರಿಗೆ, ಒಂದೇ ಸಲ. ಮೈಲಾರ, ಕೊಟ್ಟೂರು ಜಾತ್ರೆ ಹೊತ್ತಲ್ಲಿ ಸಾಲುಗಟ್ಟಿ ಜನ ನಿಂತಾಗ ಅದನ್ನೇ ತೊಳೆದು ಬಳಸೋ ಆಸೆ ಬರಬಹುದು. ಬಿಸಿನೀರು, ಡೆಟಾಲ್, ಲೈಟರ್ ಬೆಂಕಿ ಯಾವುದರಿಂದಲೂ ಬಳಸಿದ ಸೂಜಿ ಸುರಕ್ಷಿತ ಆಗಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತದಿಂದ ಹರಡೋ ಕಾಯಿಲೆಗಳು. ಬಿ.ಕಾಂ. ಓದಿದವರ ಲೆಕ್ಕ ಕೇಳಿ: ಸೂಜಿಯನ್ನು ಬಂಡವಾಳ ಅಂತ ಬರೀಬೇಡಿ, ಪ್ರತಿ ಟ್ಯಾಟೂವಿನ ಖರ್ಚು ಅಂತ ಬರೀರಿ, ಅದನ್ನು ರೇಟ್‌ನಲ್ಲೇ ಸೇರಿಸಿ. ಆಗ ಉಳಿಸೋ ಯೋಚನೆಯೇ ಬರಲ್ಲ.

ತಗೊಳ್ಳುವಾಗ ಪ್ಯಾಕೆಟ್ ಮೇಲೆ ಸ್ಟೆರೈಲ್ ಗುರುತು, ಲಾಟ್ ನಂಬರ್, ಎಕ್ಸ್‌ಪೈರಿ ದಿನಾಂಕ ನೋಡಿ. ಕಾರ್ಟ್ರಿಡ್ಜ್ ಆದ್ರೆ ಒಳಗೆ ಮೆಂಬ್ರೇನ್ ಇರಲೇಬೇಕು. ಅದಿಲ್ಲದಿದ್ರೆ ಇಂಕ್, ರಕ್ತ ಹಿಂದಕ್ಕೆ ಹರಿದು ಯಂತ್ರದೊಳಗೆ ಸೇರುತ್ತೆ. ಹೆಪಟೈಟಿಸ್ ಬಿ ಲಸಿಕೆ ನೀವೂ ಹಾಕಿಸ್ಕೊಳ್ಳಿ. ಬಳಸಿದ ಸೂಜಿಯನ್ನು ಚುಚ್ಚಿದ್ರೂ ತೂತಾಗದ ಗಟ್ಟಿ ಡಬ್ಬಿಗೆ ಹಾಕಿ. ಕಸದ ಚೀಲಕ್ಕೆ ಹಾಕಿದ್ರೆ ಅದು ಚುಚ್ಚೋದು ಪೌರಕಾರ್ಮಿಕರ ಕೈಗೆ.

ಮುಂದಿನ ಸಂಚಿಕೆಯಲ್ಲಿ ಇಂಕ್ ಬಗ್ಗೆ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಸಿಗೋಣ.