ಗಾಲ್ಫ್ ಕಪ್ಪಿಗೆ ಇಷ್ಟ ಗದ್ದಲ ಯಾಕ್ರಿ?

ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಶಿಫ್ಟ್ ಬಿಟ್ಟ ಮ್ಯಾಲೆ ಚಾದಂಗಡಿ ಮುಂದ ಮಂದಿ ಮೊಬೈಲ್‌ನಾಗ ನೋಡೋದು ಕ್ರಿಕೆಟ್ಟು, ಕಬಡ್ಡಿ. ನಡುವ ಒಂದು ರೀಲ್ ಬರ್ತೈತಿ: ರೈಡರ್ ಕಪ್, ಗಾಲ್ಫಿನ ಮಹಾಯುದ್ಧ!

ಯುದ್ಧ ಏನಿಲ್ರಿ. ಈಗ ಅಮೆರಿಕಾ, ಯುರೋಪು, ಎರಡ ತಂಡ. 1927ರಾಗ ಶುರು ಆತು. ಕಪ್ ಕೊಟ್ಟಾಂವ ಸ್ಯಾಮ್ಯುಯೆಲ್ ರೈಡರ್, ಇಂಗ್ಲೆಂಡಿನ ಬೀಜದ ವ್ಯಾಪಾರಿ. ಸಣ್ಣ ಪಾಕೀಟು ಕಟ್ಟಿ, ಅಂಚೆಯಾಗ ಬೀಜ ಮಾರಿ ರೊಕ್ಕಾ ಮಾಡಿದಾಂವ. ನಮ್ಮ ಕಡೆ ರೈತರಿಗೆ ಆಟಕ್ಕಿಂತ ಅವನ ಹತ್ತಿರದಾಂವ ಅನಸ್ತಾನ.

ಇಡೀ ಜಗತ್ತಿನ ಕಪ್ ಅಂತ ಡಂಗುರ ಹೊಡಿತಾರಲ್ಲ, ಅದು ಮಾತ್ರ ಅತಿ ಆತು. ಭಾರತದವರಿಗೆ ಅಲ್ಲಿ ಜಾಗಾನ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನಾಗ 4ನೇ ಸ್ಥಾನ ತಗೊಂಡ ಬೆಂಗಳೂರಿನ ಅದಿತಿ ಅಶೋಕ್‌ಗೂ ಅಷ್ಟ. ಹೆಣ್ಮಕ್ಕಳ ಸೋಲ್ಹೈಮ್ ಕಪ್‌ನಾಗೂ ಇವ ಎರಡ ತಂಡ.

ಆದ್ರ ತಂಡದಾಟದ ಒತ್ತಡ ಸುಳ್ಳಲ್ಲ. 2015, ದಕ್ಷಿಣ ಕೊರಿಯಾ, ಪ್ರೆಸಿಡೆಂಟ್ಸ್ ಕಪ್. ಅಮೆರಿಕಾದ ಎದುರಿಗೆ ಯುರೋಪ್ ಬಿಟ್ಟು ಉಳಿದ ಜಗತ್ತು. ನಮ್ಮ ಅನಿರ್ಬನ್ ಲಾಹಿರಿ, 18ನೇ ಕುಳಿ. ಕುಳಿ ಇದ್ದದ್ದು ನಾಕ ಹೆಜ್ಜಿನೂ ದೂರ ಇಲ್ಲ. ಚೆಂಡು ಬೀಳಲಿಲ್ಲ. ಅವನ ಪಂದ್ಯ ಹೋತು. ಅಮೆರಿಕಾ ಕಪ್ ಗೆದ್ದದ್ದು 15.5–14.5, ಒಂದ ಅಂಕದ ಅಂತರ. ಸೀಜನ್ ತುಂಬ ತನ್ನ ರೊಕ್ಕಕ್ಕ ಆಡಾಂವ, ಅವತ್ತ ಹನ್ನೆರಡ ಮಂದಿ ಲೆಕ್ಕ ಹೊತ್ಕೊಂಡು ನಿಂತಿದ್ದ.

ಪ್ರಚಾರ ಬಿಡ್ರಿ, ಆ ಒಂದ ಹೊಡೆತ ಹುಡುಕಿ ನೋಡ್ರಿ.