ಜಪಾನಿಗೆ ಹೋಗುವ ವಿಮಾನದಲ್ಲಿ ಫಜ್ರ್ ನಮಾಝ್

ಮೊದಲು ನಮ್ಮ ಕಾರವಾರ, ಅಂಕೋಲಾದ ಮಕ್ಕಳು ದುಡಿಯಲು ಹೆಚ್ಚಾಗಿ ಗಲ್ಫ್‌ಗೆ ಹೋಗುತ್ತಿದ್ದರು. ಈಗ ಜಪಾನಿಗೂ ಹೋಗುತ್ತಿದ್ದಾರೆ. ಅವರನ್ನು ನೋಡಲು ಹೊರಡುವ ತಂದೆತಾಯಂದಿರು ಜುಮಾ ಮುಗಿದ ಮೇಲೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮೌಲಾನಾ, ವಿಮಾನದಲ್ಲಿ ಬಿಟ್ಟು ಅಲ್ಲಿ ಹೋಗಿ ಖಝಾ ಮಾಡಿದರೆ ನಡೆಯುತ್ತದೆಯೇ?" ನಡೆಯುವುದಿಲ್ಲ. ನಮಾಝ್ ಸಮಯಬದ್ಧ ಕಡ್ಡಾಯವೆಂದು ಅನ್ನಿಸಾ ಅಧ್ಯಾಯದ 103ನೇ ವಚನ ತಿಳಿಸುತ್ತದೆ. ಎರಡೇ ವಚನ ಹಿಂದೆ, 101ರಲ್ಲಿ, ಪ್ರಯಾಣಿಕನಿಗೆ ರಿಯಾಯಿತಿಯೂ ಇದೆ. ಆದರೆ ಅದು ರಕಅತ್‌ಗಳನ್ನು ಕಡಿಮೆ ಮಾಡಲು, ನಮಾಝನ್ನೇ ಬಿಡಲು ಅಲ್ಲ.

ಕಾರವಾರದಿಂದ ಅಂಕೋಲಾಕ್ಕೆ ಮದುವೆಗೆ ಹೋಗಿಬಂದರೆ ಕಸ್ರ್ ಇಲ್ಲ, ಅಷ್ಟು ದೂರವಾಗುವುದಿಲ್ಲ. ಆದರೆ ಬೆಂಗಳೂರಿಗೆಂದು ಪಂಚಗಂಗಾ ರೈಲು ಹತ್ತಿದವರು, ಕಾರವಾರದ ಮನೆಗಳು ಹಿಂದೆ ಸರಿದ ಕೂಡಲೇ ಮುಸಾಫಿರರು. ಅಂಕೋಲಾ ದಾಟಿ ಇಶಾ ಮಾಡುವಾಗ ಎರಡೇ ರಕಅತ್. (ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆಂದು ವರ್ಷಗಳಿಂದ ಕೇಳುತ್ತಿದ್ದೇವೆ. ಬಂದರೆ ಈ ಲೆಕ್ಕ ಸುಲಭವಾದೀತು.)

ಕಷ್ಟವಾಗುವುದು ಫಜ್ರ್. ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ನೇರ ವಿಮಾನದಲ್ಲಿ ಎಂಟು ಗಂಟೆಯ ಆಸುಪಾಸು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ವಿಮಾನ ಸೂರ್ಯನಿಗೆ ಎದುರಾಗಿ ಹಾರುವುದರಿಂದ ರಾತ್ರಿ ಮೊಟಕಾಗುತ್ತದೆ. ನಡುರಾತ್ರಿ ದಾಟಿ ಎರಡೂವರೆಗೆ ಹೊರಟರೆ, ನಮ್ಮ ಕೈಗಡಿಯಾರದಲ್ಲಿ ಐದರ ಸುಮಾರಿಗೇ ಕಿಟಕಿಯಾಚೆ ಸೂರ್ಯ ಕಾಣಬಹುದು. ಫಜ್ರ್‌ನ ವೇಳೆ ನಮ್ಮ ಊರಿಗಿಂತ ಬೇಗ ಮುಗಿಯುತ್ತದೆ. ಊರಿನ ಸಮಯವನ್ನೂ ನೋಡಬೇಡಿ, ಟೋಕಿಯೊದ್ದನ್ನೂ ನೋಡಬೇಡಿ. ವಿಮಾನದಿಂದ ಕಾಣುವ ಆಕಾಶವೇ ಲೆಕ್ಕ. ಊಟ ಮುಗಿಸಿ ಕಿಟಕಿ ಮುಚ್ಚಿ ಮಲಗಿದವರಿಗೆ ಎಚ್ಚರವಾಗುವಾಗ ಬಿಸಿಲು ಬಂದಿರುತ್ತದೆ. ಮಲಗುವ ಮುನ್ನ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಕಿಬ್ಲಾದ ಬಗ್ಗೆ ಅನೇಕರಿಗೆ ಗೊಂದಲ. ವಿಮಾನ ಪೂರ್ವಕ್ಕೆ ಹೋಗುತ್ತಿದೆ, ಮಕ್ಕಾ ಪಶ್ಚಿಮದಲ್ಲಿದೆ. ಅಂದರೆ ಕಿಬ್ಲಾ ಹೆಚ್ಚುಕಡಿಮೆ ವಿಮಾನದ ಬಾಲದ ಕಡೆಗೆ. ಹಿಂಬದಿಯಲ್ಲಿ ಊಟದ ಗಾಡಿಗಳನ್ನು ಇಡುವಲ್ಲಿ ಸ್ವಲ್ಪ ಜಾಗವಿರುತ್ತದೆ. ಸಿಬ್ಬಂದಿಯನ್ನು ವಿನಯದಿಂದ ಕೇಳಿದರೆ ಸಾಮಾನ್ಯವಾಗಿ ಬಿಡುತ್ತಾರೆ. ಬಿಡದಿದ್ದರೆ ಜಗಳ ಬೇಡ, ಸೀಟಿನಲ್ಲೇ ಕುಳಿತು ಮಾಡಿ. ಇಳಿದ ಮೇಲೆ ಅದನ್ನು ಮರಳಿ ನಿರ್ವಹಿಸುವುದು ಎಚ್ಚರಿಕೆಯ ದಾರಿ. ನಿಲ್ಲಲಾಗದ ಕಾಯಿಲೆಯವರ ವಿಷಯ ಬೇರೆ. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ) ಹೇಳಿದಂತೆ, ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ಮಾಡಬಹುದು.

ವುಝೂಗೆ ಒಂದು ಲೋಟ ನೀರು ಸಾಕು. ಶೌಚಾಲಯದ ನೆಲ ಒದ್ದೆ ಮಾಡಿ ಬರಬೇಡಿ, ಮುಂದಿನವರು ಅಲ್ಲಿ ಕಾಲಿಡಬೇಕು. ಮನೆಯಲ್ಲೇ ವುಝೂ ಮಾಡಿ ಚರ್ಮದ ಮೋಜಾ ಹಾಕಿಕೊಂಡರೆ ಮುಸಾಫಿರನಿಗೆ ಮೂರು ದಿನ, ಮೂರು ರಾತ್ರಿ ಮಸಹ್ ಸಾಕು.

ಝುಹ್ರ್ ಇಳಿದ ಮೇಲೆ ಸಿಗುತ್ತದೆ. ನರಿಟಾದಲ್ಲಿ ಪ್ರಾರ್ಥನಾ ಕೊಠಡಿಗಳಿವೆ. ಶಾಫಿಗಳು ಝುಹ್ರ್, ಅಸ್ರ್ ಕೂಡಿಸಬಹುದು. ಹನಫಿಗಳು ಆಯಾ ಸಮಯಕ್ಕೇ ಮಾಡಬೇಕು.

ಆದರೆ ಮಗನ ಮನೆಯಲ್ಲಿ ಮೂರು ತಿಂಗಳು ಇರುವವರು ಅಲ್ಲೂ ಕಸ್ರ್ ಮಾಡುತ್ತಿರುವುದನ್ನು ಕೇಳಿದ್ದೇವೆ. ಅದು ಸರಿಯಲ್ಲ. ಒಂದೇ ಊರಲ್ಲಿ ಹದಿನೈದು ದಿನ ಇರುವ ನಿಯ್ಯತ್ ಇದ್ದರೆ ಹನಫಿಗಳು, ಬಂದ ದಿನ ಹೋಗುವ ದಿನ ಬಿಟ್ಟು ನಾಲ್ಕು ದಿನವಿದ್ದರೆ ಶಾಫಿಗಳು ತಲುಪಿದಂದಿನಿಂದಲೇ ಪೂರ್ಣ ನಮಾಝ್ ಮಾಡಬೇಕು. ಜುಮಾಕ್ಕೆ ಟೋಕಿಯೊದಲ್ಲಿ ತುರ್ಕಿಯರ ದೊಡ್ಡ ಮಸೀದಿ ಇದೆ. ಕೋಬೆಯಲ್ಲಿ 1935ರಲ್ಲಿ ಕಟ್ಟಿದ ಮಸೀದಿ ಇದೆ. ಅದಕ್ಕೆ ಹಣ ಕೂಡಿಸಿದವರಲ್ಲಿ ನಮ್ಮ ದೇಶದ ವ್ಯಾಪಾರಿಗಳೂ ಇದ್ದರು.

ಇನ್ನು ಬ್ಯಾಗಿನ ವಿಷಯ. ಮಗನಿಗೆಂದು ಮಾಂಸದ ಉಪ್ಪಿನಕಾಯಿ, ಒಣಮಾಂಸ ಕಟ್ಟಬೇಡಿ, ಜಪಾನ್ ಬಿಡುವುದಿಲ್ಲ. ಅಂಕೋಲಾದ ಕರಿ ಇಶಾಡ್ ಹಣ್ಣನ್ನೂ ಹಾಗೆಯೇ ಒಯ್ಯಲಾಗದು. ಅಲ್ಲಿ ಒಂದು ಚೀಟಿ ತುಂಬಿಸುತ್ತಾರೆ, ಮಾಂಸ, ಹಣ್ಣು ಇದೆಯೇ ಎಂದು ಕೇಳುತ್ತಾರೆ. ಇದ್ದೂ ಇಲ್ಲವೆಂದು ಬರೆದರೆ ಅದು ಸುಳ್ಳು ಸಾಕ್ಷಿ, ಕೊಡುವುದು ಮಗನಿಗೇ ಆದರೂ. ಡಬ್ಬಿಯಲ್ಲಿ ಮುಚ್ಚಿದ ಮಾವಿನ ರಸ ಒಯ್ಯಿರಿ, ಕೈಚೀಲದಲ್ಲಲ್ಲ, ದೊಡ್ಡ ಪೆಟ್ಟಿಗೆಯಲ್ಲಿ.