ಬಾಳೆಮೋತೆಗೆ ಬರುವ ಎರಡು ಸೂರಕ್ಕಿಗಳು

ನಂಜನಗೂಡಿನಿಂದ ಟಿ. ನರಸೀಪುರದ ಸಂಗಮದವರೆಗೆ ಕಪಿಲೆಯ ಆಸುಪಾಸಿನ ಯಾವ ಬಾಳೆತೋಟದಲ್ಲಾದರೂ ಬೆಳಗಿನ ಹೊತ್ತು ಸ್ವಲ್ಪ ಸುಮ್ಮನೆ ನಿಂತು ನೋಡಿ. ಮೋತೆಯ ಹೊರಹಾಳೆಯೊಂದು ಹೊಸದಾಗಿ ಮೇಲೆದ್ದು, ಅದರಡಿಯ ಹೂಸಾಲು ಕಾಣುತ್ತಿರುತ್ತದೆ. ಅಲ್ಲಿ ಹತ್ತು ಸೆಂಟಿಮೀಟರಿನ ಹಕ್ಕಿಯೊಂದು ತಲೆಕೆಳಗಾಗಿ ಜೋತು ಒಂದೊಂದೇ ಹೂವಿಗೆ ಕೊಕ್ಕು ತೂರಿಸುತ್ತಿರುತ್ತದೆ. ಫೋಟೊ ತೆಗೆದವರು ಸಂಭ್ರಮದಿಂದ ‘ಹಮ್ಮಿಂಗ್ ಬರ್ಡ್’ ಎನ್ನುತ್ತಾರೆ. ಅಲ್ಲ, ಇದು ನಮ್ಮ ಸೂರಕ್ಕಿ.

ಹಮ್ಮಿಂಗ್ ಬರ್ಡ್‌ಗಳು ಇಂದು ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅವು ಬಾನಾಡಿಗಳ (ಸ್ವಿಫ್ಟ್) ಹತ್ತಿರದ ಬಂಧುಗಳು. ಸೂರಕ್ಕಿ ಗುಬ್ಬಿ, ಕಾಗೆಗಳ ಗಣಕ್ಕೆ ಸೇರಿದ್ದು. ಮಕರಂದದ ಆಸೆ ಇಬ್ಬರಿಗೂ ಉದ್ದ ಕೊಕ್ಕು ಕೊಟ್ಟಿತು, ಅಷ್ಟೆ. ಹಮ್ಮಿಂಗ್ ಬರ್ಡ್ ರೆಕ್ಕೆಯನ್ನು ಎಂಟರ ಆಕಾರದಲ್ಲಿ ಬೀಸುತ್ತ ಗಾಳಿಯಲ್ಲೇ ನಿಂತು ಉಣ್ಣುತ್ತದೆ. ಅದರ ಕಾಲಿಗೆ ನಡೆಯುವ ಶಕ್ತಿಯಿಲ್ಲ. ಸೂರಕ್ಕಿಯೂ ಕ್ಷಣಕಾಲ ಹಾಗೆ ನಿಲ್ಲಬಲ್ಲದು, ಆದರೆ ಅದಕ್ಕೆ ಕಾಲೂರುವುದೇ ಇಷ್ಟ. ಮೋತೆಯಂಥ ಗಟ್ಟಿ ಹಿಡಿಕೆ ಸಿಕ್ಕಿರುವಾಗ ರೆಕ್ಕೆ ಬಡಿದು ದಣಿಯುವುದೇಕೆ?

ನಮ್ಮ ತೋಟಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಜಾತಿ. ಊದಾ ಸೂರಕ್ಕಿಯ ಗಂಡು ನೆರಳಲ್ಲಿ ಬರೀ ಕಪ್ಪು. ಬಿಸಿಲು ಬಿದ್ದೊಡನೆ ನೀಲಿ, ನೇರಳೆ ಹೊಳಪು ಮೈತುಂಬ ಹರಿಯುತ್ತದೆ. ಅದು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಸೂಕ್ಷ್ಮ ಪದರಗಳು ಬೆಳಕನ್ನು ಒಡೆದು ತೋರಿಸುವ ಬಣ್ಣ. ಊದಾ ಸೊಂಟದ ಸೂರಕ್ಕಿಯ ಗಂಡಿಗೆ ಕಂದುಗೆಂಪು ಬೆನ್ನು, ಹಸಿರು ನೆತ್ತಿ, ನೇರಳೆ ಗಂಟಲು, ಹಳದಿ ಹೊಟ್ಟೆ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಮೊದಲನೆಯದು. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಹೊಳಪನ್ನೆಲ್ಲ ಕಳಚಿ ಹೆಣ್ಣಿನಂತೆ ಮಂಕಾಗುತ್ತದೆ. ಗದ್ದದಿಂದ ಹೊಟ್ಟೆಯವರೆಗೆ ಇಳಿದ ಒಂದು ಕಪ್ಪು ಪಟ್ಟಿಯೇ ಗುರುತು. ಎರಡನೆಯದಕ್ಕೆ ಈ ವೇಷ ಬದಲಾವಣೆಯಿಲ್ಲ. ಹೆಣ್ಣುಗಳನ್ನು ಗುರುತಿಸಲು ಗಂಟಲು ನೋಡಿ: ಊದಾ ಸೂರಕ್ಕಿಯದು ಹಳದಿ, ಇನ್ನೊಂದರದು ಬೂದುಬಿಳಿ. ಗೂಡು ಕಟ್ಟುವುದು ಎರಡರಲ್ಲೂ ಹೆಣ್ಣಿನ ಪಾಲು. ಜೇಡರಬಲೆಯಿಂದ ಹೆಣೆದ ಜೋಳಿಗೆ, ತೊಗಟೆಯ ಚೂರುಗಳ ಹೊದಿಕೆ, ಬಾಗಿಲ ಮೇಲೊಂದು ಪುಟ್ಟ ಸೂರು. ದೂರದಿಂದ ಗಿಡಕ್ಕೆ ಸಿಕ್ಕಿಕೊಂಡ ಕಸವೆಂದೇ ತೋರುತ್ತದೆ. ಮರಿಗಳಿಗೆ ಮಕರಂದ ಸಾಲದು. ಹುಳ, ಜೇಡಗಳೇ ಬೇಕು.

ಈಗ ಮತ್ತೆ ಬಾಳೆಗೆ. ಕಾಡುಬಾಳೆಗಳು ಮಕರಂದ ಸುರಿಸುವುದು ಬಾವಲಿ, ಸೂರಕ್ಕಿಗಳ ಮೂಲಕ ಪರಾಗ ಸಾಗಿಸಲು. ನಂಜನಗೂಡು ರಸಬಾಳೆಗೆ ಆ ಅಗತ್ಯವಿಲ್ಲ. ಅದು ಪರಾಗವಿಲ್ಲದೆಯೇ ಕಾಯಿ ಕಟ್ಟುತ್ತದೆ, ಕಂದಿನಿಂದಲೇ ಹೊಸ ಗಿಡವಾಗುತ್ತದೆ. ಹಾಗಾಗಿ ಗಿಡಗಳೆಲ್ಲ ಒಂದೇ ಪಡಿಯಚ್ಚು. ಪನಾಮ ಸೊರಗು ರೋಗ ತಗುಲಿದರೆ ತಡೆದುಕೊಳ್ಳುವ ಬೇರೆ ಗುಣದ ಸಸಿ ತೋಟದಲ್ಲಿರುವುದಿಲ್ಲ. ಈ ತಳಿ ಅಪರೂಪವಾಗಲು ಆ ರೋಗ ದೊಡ್ಡ ಕಾರಣ. ಆದರೂ ಪೂರ್ವಜರಿಂದ ಬಂದ ಮಕರಂದದ ರೂಢಿಯನ್ನು ಗಿಡ ಬಿಟ್ಟಿಲ್ಲ, ಹಕ್ಕಿ ಪುಕ್ಕಟೆ ಉಂಡು ಹೋಗುತ್ತದೆ.

ಉಂಡ ಹಕ್ಕಿ ಪಕ್ಕದ ಮಾವಿನ ಕೊಂಬೆಯ ಬದನಿಕೆಗೆ ಹಾರುತ್ತದೆ. ರೈತರು ಕಂಡಲ್ಲೆಲ್ಲ ಕಡಿದೆಸೆಯುವ ಆ ಬಂದಳಿಕೆಯ ಕೊಳವೆಹೂಗಳಿಗೆ ಪರಾಗ ತರುವುದು ಇದೇ ಕೊಕ್ಕು.